ಎಪ್ಪತ್ತು ಸೆಕೆಂಡಿನ ಹಟ

ಮಾರ್ಚ್ 3, ಸೋಮವಾರ

ಇವತ್ತು ಮೀಟಿಂಗಿನಲ್ಲಿ ಮೂರು ಸಲ "ಆಗಲ್ಲ" ಎಂದೆ. ಮೂರನೆಯದು ಸ್ವಲ್ಪ ಜೋರಾಯಿತೇನೋ, ಗಾಜಿನ ಬಾಗಿಲಿನಾಚೆ ಕೂತವರೆಲ್ಲ ಕತ್ತು ತಿರುಗಿಸಿ ನೋಡಿದರು. ನೋಡಲಿ.

ಸಿನಿಮಾಗಳಿಗೆ ಟ್ರೈಲರ್ ಕತ್ತರಿಸಲು ಶುರು ಮಾಡಿ ಮೂವತ್ತಮೂರು ವರ್ಷ. ಈ ಕಂಪನಿಯ ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ ಕೂತೇ ಹದಿನೆಂಟು. ಟ್ರೈಲರಿನ ಕೆಲಸ ಕಥೆ ಹೇಳುವುದಲ್ಲ, ಕಥೆ ಕೇಳುವ ಆಸೆ ಹುಟ್ಟಿಸುವುದು ಅಂತ ಅಂದಿನಿಂದಲೂ ಬಾಯಿ ಬಡಿದುಕೊಳ್ಳುತ್ತಿದ್ದೇನೆ. ಈಗ ಬಂದಿರುವ ಬಾಸ್‌ಗೆ ಆಫೀಸಿನಲ್ಲಿ ಎಲ್ಲರೂ ಇಟ್ಟ ಹೆಸರು ಶೇಕಡಾ. ಶೇಕಡಾ ಇಷ್ಟು, ಶೇಕಡಾ ಅಷ್ಟು ಅನ್ನದೆ ಆತ ಕಾಫಿಯನ್ನೂ ಕುಡಿಯುವುದಿಲ್ಲ.

"ಮೇಡಂ, ಫೋನಲ್ಲಿ ನೋಡೋರಲ್ಲಿ ಶೇಕಡಾ ಎಪ್ಪತ್ತೆರಡು ಜನ ಮೊದಲ ಐದು ಸೆಕೆಂಡಲ್ಲೇ ಬಿಟ್ಟು ಹೋಗ್ತಾರೆ. ಅದಕ್ಕೇ ಆ ಐದು ಸೆಕೆಂಡಲ್ಲಿ ಟ್ರೈಲರಿಗೇ ಒಂದು ಟ್ರೈಲರ್ ಹಾಕಿ. ಆಮೇಲೆ ಕಥೆ ಪೂರ್ತಿ. ಗುಟ್ಟು ಸಮೇತ."

"ಗುಟ್ಟು ಹೇಳಿದ್ಮೇಲೆ ಟಿಕೆಟ್ ಯಾಕ್ರೀ ತಗೋತಾರೆ?"

"ಏನು ಸಿಗತ್ತೆ ಅಂತ ಗೊತ್ತಿದ್ರೇನೇ ಜನ ಬರೋದು. ಹೋಟೆಲಲ್ಲಿ ತಟ್ಟೆ ಫೋಟೋ ನೋಡೇ ತಾನೇ ಆರ್ಡರ್ ಮಾಡೋದು?"

"ತಟ್ಟೆ ಫೋಟೋ ನೋಡ್ತಾರೆ. ಇನ್ಯಾರೋ ಅಗಿದಿದ್ದನ್ನ ನೋಡಲ್ಲ."

ಯಾರೂ ನಗಲಿಲ್ಲ. ಪಕ್ಕದ ಕೋಣೆಯವಳು ಮಾತ್ರ ತುಟಿ ಕಚ್ಚಿಕೊಂಡಳು. ಅವಳಿಗೆ ಇಪ್ಪತ್ತೇಳು. ಪಟಪಟ ಮಾತು, ಅದಕ್ಕಿಂತ ಪಟಪಟ ಕತ್ತರಿ, ಒಂದು ಸೆಕೆಂಡಿನಲ್ಲಿ ನಾಲ್ಕು ದೃಶ್ಯ. ನಾನಿಟ್ಟ ಹೆಸರು ಪಟಪಟಿ. ನನಗೆ ಕೊಟ್ಟ ಹೊಸ ಸಿನಿಮಾಕ್ಕೇ ಅವಳೂ ಒಂದು ಟ್ರೈಲರ್ ಮಾಡಬೇಕಂತೆ. ಎರಡನ್ನೂ ಜನರಿಗೆ ತೋರಿಸಿ ಪರೀಕ್ಷೆ. ಸೋತರೆ ನನ್ನ ಕೋಣೆ ಅವಳಿಗೆ.

ಕೊಡುತ್ತೇನೆ. ನನ್ನ ಹೆಣ ಆಚೆ ಹಾಕಿದ ಮೇಲೆ.

ಮಾರ್ಚ್ 4, ಮಂಗಳವಾರ

ಸಿನಿಮಾ ನೋಡಿದೆ. ನಿರ್ದೇಶಕರು ಮೊದಲು ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರು, ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಇದು ಅವರ ಮೊದಲ ಸಿನಿಮಾ, ಆರು ವರ್ಷದ ದುಡಿಮೆ. ನೋಡುವಾಗ ನನ್ನ ಹಿಂದೆಯೇ ನಿಂತಿದ್ದರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

ಒಬ್ಬ ಹೆಣ್ಣು ದರ್ಜಿ. ಗಂಡ ಹಡಗಿನ ಕೆಲಸಕ್ಕೆ ಹೋದವನು ಬರಲಿಲ್ಲ, ಆದರೆ ತಿಂಗಳಿಗೊಂದು ಕಾಗದ ಬರುತ್ತದೆ. ಬರೆಯುವವನು ಗಂಡನಲ್ಲ, ಮಗ ಸತ್ತ ಸುದ್ದಿ ಸೊಸೆಗೆ ಹೇಳಲಾರದ ಮಾವ. ಕೊನೆಗೆ ಗೊತ್ತಾಗುವ ಇನ್ನೊಂದು ಗುಟ್ಟು ಎಂದರೆ, ಅದು ಸೊಸೆಗೆ ಮೊದಲ ಕಾಗದದಲ್ಲೇ ತಿಳಿದಿತ್ತು. "ನಿನ್ನ ಸೊಂಟ ನೋವು ಹೇಗಿದೆ" ಎಂದು ಅದರಲ್ಲಿತ್ತು. ನೋವು ಶುರುವಾದದ್ದೇ ಗಂಡ ಹೋದ ಮೇಲೆ, ಗೊತ್ತಿದ್ದದ್ದು ಮನೆಯಲ್ಲಿದ್ದ ಮಾವನಿಗೆ ಮಾತ್ರ. ಹನ್ನೊಂದು ವರ್ಷ ಅವಳು ಆ ಕಾಗದಗಳನ್ನು ಮಾವನಿಗೇ ಗಟ್ಟಿಯಾಗಿ ಓದಿ ಹೇಳಿದ್ದಾಳೆ, ಬರೆಯುವ ಆಸರೆ ಅವನಿಗೆ ತಪ್ಪದಿರಲಿ ಎಂದು.

ದೀಪ ಹಾಕಿದಾಗ ಕನ್ನಡಕ ಒರೆಸಿಕೊಂಡೆ. ಧೂಳು.

"ಮೇಡಂ, ಗುಟ್ಟು ಬಿಟ್ಟುಕೊಡ್ಬೇಡಿ. ಅದು ಹೋದ್ರೆ ನನ್ನ ಹತ್ರ ಏನೂ ಉಳಿಯಲ್ಲ," ಎಂದರು ಮೇಷ್ಟ್ರು.

"ನಾನಿರೋವರೆಗೆ ಆಗಲ್ಲ ಬಿಡಿ," ಎಂದೆ.

ಮಾರ್ಚ್ 7, ಶುಕ್ರವಾರ

ಮುಗಿಯಿತು. ಹೇಗಿರಬೇಕೋ ಹಾಗಿದೆ. ಕತ್ತಲೆ, ಸಮುದ್ರದ ಸದ್ದು, ಆಮೇಲೆ ಆ ಗಂಭೀರ ಧ್ವನಿ: "ಹನ್ನೊಂದು ವರ್ಷ... ಒಂದು ಹೆಣ್ಣು... ನೂರಾರು ಕಾಗದ..." ಕಾಗದಗಳು ಒಂದೊಂದಾಗಿ ಪರದೆಯಿಂದ ನಮ್ಮ ಮುಖಕ್ಕೇ ಹಾರಿ ಬರುತ್ತವೆ. ದಪ್ಪ ಅಕ್ಷರ ಮೂಡುತ್ತದೆ: "ಅವನು ಬರುವನೇ?" ನಿಲ್ಲುತ್ತದೆ. ಮತ್ತೆ: "ಅವಳು ಕಾಯುವಳೇ?" ಎರಡು ನಿಮಿಷ ಹತ್ತು ಸೆಕೆಂಡು. ಗುಟ್ಟು ಭದ್ರ.

ಹಿಂದೆ ಟ್ರೈಲರ್ ಹಾಗೇ ಇತ್ತು. ನೋಡಿದವರು ಪ್ರಶ್ನೆ ಹೊತ್ತು ಮನೆಗೆ ಹೋಗುತ್ತಿದ್ದರು, ವಾರವೆಲ್ಲ ಅದನ್ನೇ ಮೆಲುಕು ಹಾಕುತ್ತಿದ್ದರು. ಈಗ ಪಟಪಟಿಯಂಥವರು ಉತ್ತರ ಕೊಟ್ಟು ಕಳಿಸುತ್ತಾರೆ.

ಅಣ್ಣನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಇಬ್ಬರೂ ಒಂಟಿ, ಒಂದೇ ಮನೆ. ಅವನು ಮೂವತ್ತೊಂದು ವರ್ಷ ಥಿಯೇಟರಿನಲ್ಲಿ ಪ್ರೊಜೆಕ್ಟರ್ ನಡೆಸಿದವನು, ಅವನಿಗಿಂತ ಹೆಚ್ಚು ಟ್ರೈಲರ್ ನೋಡಿದವರು ಭೂಮಿ ಮೇಲಿಲ್ಲ. "ಚೆನ್ನಾಗಿದೆ ಪುಟ್ಟಿ," ಎಂದ. ಐವತ್ತೊಂಬತ್ತಾದರೂ ಅವನಿಗೆ ನಾನು ಪುಟ್ಟಿಯೇ.

ಮಾರ್ಚ್ 10, ಸೋಮವಾರ

ನಲವತ್ತು ಜನ, ನಲವತ್ತು ಕುರ್ಚಿ, ಒಬ್ಬೊಬ್ಬರ ಕೈಗೂ ಒಂದೊಂದು ಗುಂಡಿ. ಬೇಸರ ಬಂದ ಕೂಡಲೇ ಒತ್ತಬೇಕು. ಮನುಷ್ಯರೋ ಲಿಫ್ಟೋ?

ನನ್ನದಕ್ಕೆ ಅರ್ಧ ನಿಮಿಷದೊಳಗೆ ಇಪ್ಪತ್ತೊಂಬತ್ತು ಜನ ಒತ್ತಿದರು. ದಪ್ಪ ಅಕ್ಷರದಲ್ಲಿ "ಅವನು ಬರುವನೇ?" ಎಂದು ಮೂಡಿದಾಗ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ಪಟಪಟಿಯದಕ್ಕೆ ಕೊನೆಯವರೆಗೆ ಒತ್ತಿದವರು ಒಂಬತ್ತೇ ಜನ. ಅವಳದರಲ್ಲಿ ಮಾವ ದೀಪದ ಪಕ್ಕ ಕಾಗದ ಬರೆಯುವುದು ಇಪ್ಪತ್ತನೇ ಸೆಕೆಂಡಿಗೇ ಬರುತ್ತದೆ, "ನಂಗೆ ಮೊದಲೇ ಗೊತ್ತಿತ್ತು ಮಾವ" ಎಂದು ಸೊಸೆ ಅಳುವುದು ಕೊನೆಯಲ್ಲಿ. ಸಿನಿಮಾ ಮುಗಿದೇ ಹೋಯಿತು.

ಶೇಕಡಾಗೆ ಹಬ್ಬ. "ಇಪ್ಪತ್ತೊಂದನೇ ತಾರೀಕು ಸಂಜೆ ಟ್ರೈಲರ್ ಥಿಯೇಟರುಗಳಿಗೆ ಹೋಗ್ಬೇಕು ಮೇಡಂ. ನಿಮಗೆ ಇನ್ನೊಂದು ಅವಕಾಶ ಕೊಡ್ತೀನಿ. ಹಿರಿಯರು ಅನ್ನೋ ಮರ್ಯಾದೆಗೆ."

ಮರ್ಯಾದೆಯಂತೆ.

ಮಾರ್ಚ್ 11, ಮಂಗಳವಾರ

ಗುಂಡಿ ಕೊಟ್ಟರೆ ಯಾರು ತಾನೇ ಒತ್ತುವುದಿಲ್ಲ? ಮಗುವಿನ ಕೈಗೆ ಗಂಟೆ ಕೊಟ್ಟು, ಬಾರಿಸಬೇಡ ಎಂದ ಹಾಗೆ.

ಮಾರ್ಚ್ 13, ಗುರುವಾರ

ಊಟಕ್ಕೆ ಕೂತಾಗ ಅಣ್ಣನ ಮುಂದೆ ಹಳೆಯದೆಲ್ಲ ತೆಗೆದೆ. ನನ್ನ ಮೊದಲ ಟ್ರೈಲರ್, ಆ ಸೇತುವೆಯದು. ಸೇತುವೆ ಮುರಿದು ರೈಲು ಕೆಳಕ್ಕೆ ಬೀಳುತ್ತದೆ, ಒಂದು ಹೆಣ್ಣು ಕಿರುಚುತ್ತದೆ, ಅಲ್ಲಿಗೆ ಕತ್ತಲೆ. ಒಂದೇ ಒಂದು ಮಾತಿಲ್ಲ. ಜನ ಮುಗಿಬಿದ್ದಿದ್ದರು. "ಗುಂಡಿ ಒತ್ತುವವರಿಗೆ ಅದನ್ನ ತೋರಿಸಬೇಕು ಅಣ್ಣ," ಎಂದೆ.

ಅಣ್ಣ ಅನ್ನ ಕಲೆಸುತ್ತಲೇ ಇದ್ದ. ಆಮೇಲೆ ಕೇಳಿದ, "ಆ ಸಿನಿಮಾದಲ್ಲಿ ರೈಲು ಇತ್ತೇನೇ?"

"ಇರಲಿಲ್ಲ. ಬೇರೆ ಸಿನಿಮಾದಲ್ಲಿ ಉಳಿದ ತುಂಡು ಅದು. ಪ್ರೊಡ್ಯೂಸರ್ ತಂದ್ಕೊಟ್ರು, ನಾನು ಸೇರಿಸ್ದೆ. ಆಗೆಲ್ಲ ನಡೀತಿತ್ತು."

"ನಡೀತಿತ್ತು. ನಡೆದಿದ್ದು ಏನು ಅಂತ ನಾನು ಹೇಳ್ತೀನಿ ಕೇಳು. ಮೊದಲನೇ ದಿನ, ಮೊದಲನೇ ಆಟ. ಇಂಟರ್ವಲ್ ಆದ್ಮೇಲೆ ಒಬ್ಬ ಎದ್ದು 'ರೈಲು ಎಲ್ರೋ?' ಅಂತ ಕೂಗ್ದ. ಇಡೀ ಥಿಯೇಟರ್ ಕೂಗ್ತು. ಸೀಟು ಹರಿದ್ರು, ನನ್ನ ರೂಮಿನ ಬಾಗಿಲು ಒದ್ದರು. ಒಳಗೆ ಚಿಲಕ ಹಾಕ್ಕೊಂಡು ರೀಲಿನ ಡಬ್ಬ ಅಡ್ಡ ಹಿಡ್ಕೊಂಡು ನಿಂತಿದ್ದೆ ನಾನು. ಗೇಟಿನ ಹತ್ರ ಟಿಕೆಟ್ ಹರಿಯೋನ ಹಣೆ ಒಡೀತು."

"ನೀನು ಯಾವತ್ತೂ ಹೇಳಲಿಲ್ಲ!"

"ನಿಂಗೆ ಇಪ್ಪತ್ತಾರು. ಮೊದಲ ಸಲ ಯಾರೋ ನಿನ್ನ ಕೆಲಸ ಹೊಗಳಿದ್ರು. ಹೇಗೆ ಹೇಳ್ಲಿ?"

ಸುಳ್ಳು. ಅಣ್ಣನಿಗೆ ವಯಸ್ಸಾಯಿತು, ಯಾವುದೋ ಸಿನಿಮಾದ್ದನ್ನು ಇನ್ಯಾವುದಕ್ಕೋ ಸೇರಿಸುತ್ತಿದ್ದಾನೆ. ಊಟ ಅರ್ಧಕ್ಕೇ ಬಿಟ್ಟೆದ್ದೆ.

ಮಾರ್ಚ್ 14, ಶುಕ್ರವಾರ

ಸುಳ್ಳಲ್ಲ.

ಮಾರ್ಚ್ 16, ಭಾನುವಾರ

ಮಧ್ಯಾಹ್ನದ ಆಟಕ್ಕೆ ಹೋಗಿದ್ದೆ. ಸಿನಿಮಾ ನೋಡಲಿಕ್ಕಲ್ಲ, ಟ್ರೈಲರ್ ನೋಡುವ ಜನರನ್ನು ನೋಡಲಿಕ್ಕೆ. ಮುಂದಿನ ಸಾಲಿನ ತುದಿಯಲ್ಲಿ ಪರದೆಗೆ ಅಡ್ಡ ತಿರುಗಿ ಕೂತೆ. ಐದನೇ ಸಾಲಿನಲ್ಲಿ ಇನ್ನೊಬ್ಬಳು ಹಾಗೇ ಅಡ್ಡ ತಿರುಗಿ ಕೂತಿದ್ದಳು. ಪಟಪಟಿ! ಇಬ್ಬರಿಗೂ ಕಳ್ಳರು ಸಿಕ್ಕಿಬಿದ್ದ ಹಾಗಾಯಿತು. ಎದ್ದು ಬಂದು ಪಕ್ಕದಲ್ಲಿ ಕೂತಳು.

"ನಾನು ತಿಂಗಳಿಗೆರಡು ಸಲ ಬರ್ತೀನಿ ಮೇಡಂ. ಆಫೀಸಲ್ಲಿ ಹೇಳ್ಬೇಡಿ, ನಗ್ತಾರೆ."

ಐದು ಟ್ರೈಲರ್ ಬಂದವು. ಮೂರನೆಯದು ಅಣ್ಣತಮ್ಮಂದಿರ ಕಥೆ, ಹುಟ್ಟಿನಿಂದ ಸಾವಿನವರೆಗೆ ಪೂರ್ತಿ. ನಮ್ಮ ಹಿಂದಿನ ಹೆಂಗಸು ಗಂಡನಿಗೆ "ಇದು ನೋಡಿದ ಹಾಗೇ ಆಯ್ತು, ಮುಂದಿನ್ದಕ್ಕೆ ಹೋಗೋಣ," ಎಂದಳು. ನಾನು ಪಟಪಟಿಯ ಮೊಣಕೈ ತಿವಿದೆ. ನಾಲ್ಕನೆಯದೂ ಈಗಿನ ಥರದ್ದೇ, ಸೆಕೆಂಡಿಗೆ ನಾಲ್ಕು ದೃಶ್ಯ. ಆದರೆ ಎಲ್ಲರ ಕೈ ತಿಂಡಿಯ ಪೊಟ್ಟಣದಲ್ಲೇ ನಿಂತುಹೋಯಿತು, ನನ್ನದೂ. ಈ ಸಲ ಅವಳು ನನ್ನ ಮೊಣಕೈ ತಿವಿದಳು.

ಆಮೇಲೆ ಹೊರಗೆ ಟೀ ಕುಡಿಯುವಾಗ ಕೇಳಿಯೇಬಿಟ್ಟೆ, ಎಲ್ಲವನ್ನೂ ಯಾಕಮ್ಮ ತೋರಿಸುತ್ತೀಯ ಎಂದು.

"ನಮ್ಮಪ್ಪಂಗೆ ವರ್ಷಕ್ಕೆ ನಾಲ್ಕು ದಿನ ರಜ ಸಿಗ್ತಿತ್ತು ಮೇಡಂ. ಒಂದು ದಿನ ಎಲ್ರನ್ನೂ ಸಿನಿಮಾಗೆ ಕರ್ಕೊಂಡು ಹೋಗೋರು. ಟ್ರೈಲರಲ್ಲಿ ನಗು ನಗು ಅಂತಿತ್ತು. ಒಳಗೆ ಹೋದ್ರೆ ಬರೀ ಕೊಲೆ. ತಂಗಿ ಜ್ವರ ಬಂದು ಮಲಗಿದ್ಲು. ಅಪ್ಪ ಬಸ್ಸಲ್ಲಿ ಕಿಟಕಿ ಕಡೆಗೇ ಮುಖ ಮಾಡ್ಕೊಂಡು ಕೂತಿದ್ರು, ತಾನೇ ತಪ್ಪು ಮಾಡಿದ ಹಾಗೆ. ಅದಕ್ಕೆ ನಾನು ಇರೋದನ್ನೆಲ್ಲ ತೋರಿಸಿಬಿಡ್ತೀನಿ. ಮೋಸ ಆಯ್ತು ಅಂತ ಯಾರೂ ಅನ್ನಬಾರ್ದು."

ರೈಲಿನ ವಿಷಯ ನಾಲಿಗೆ ತುದಿಯವರೆಗೆ ಬಂತು. ಟೀ ಬಿಸಿ ಇತ್ತು, ನುಂಗಿದೆ.

ನಾಲ್ಕನೇ ಟ್ರೈಲರ್ ಚೆನ್ನಾಗಿತ್ತು. ಇಲ್ಲಿ ಬರೆದಿಟ್ಟಿದ್ದೇನೆ, ಬೇರೆ ಯಾರ ಮುಂದೆಯೂ ಹೇಳುವುದಿಲ್ಲ.

ಮಾರ್ಚ್ 17, ಸೋಮವಾರ

ಆಫೀಸಿಗೆ ಬಸ್ಸಿನಲ್ಲಿ ಹೋದೆ. ಬಸ್ಸಿನಲ್ಲಿ ಜನ ಫೋನು ಹೇಗೆ ನೋಡುತ್ತಾರೋ ನೋಡಿ ಎಂದು ನಿನ್ನೆ ಪಟಪಟಿ ಹೇಳಿದಳೆಂದಲ್ಲ, ಸ್ಕೂಟರಿಗೆ ಪೆಟ್ರೋಲ್ ಇರಲಿಲ್ಲ. ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಚೀಲವಿಟ್ಟುಕೊಂಡ ಒಬ್ಬಾಕೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಫೋನಿನಲ್ಲಿ ಟ್ರೈಲರ್, ಸದ್ದಿಲ್ಲ. ಬೆರಳು ಮೇಲಕ್ಕೆ ಸರಿಯಿತು, ಹೋಯಿತು. ಇನ್ನೊಂದು. ಅದೂ ಹೋಯಿತು. ಮೂರನೆಯದರಲ್ಲಿ ಒಂದು ಮಗು ಯಾವುದನ್ನೋ ನೋಡುತ್ತಿತ್ತು, ಏನನ್ನು ಎಂಬುದು ಕಾಣುತ್ತಿರಲಿಲ್ಲ. ಬೆರಳು ನಿಂತಿತು. ಆಕೆ ತಲೆ ಎತ್ತಿ "ಅಯ್ಯೋ" ಎನ್ನುವಷ್ಟರಲ್ಲಿ ಇಳಿಯಬೇಕಾದ ಸ್ಟಾಪು ದಾಟಿತ್ತು.

ನಮ್ಮ ಕಾಲದಲ್ಲಿ ಬಾಗಿಲು ಹಾಕಿ, ಕತ್ತಲೆ ಮಾಡಿ ತೋರಿಸುತ್ತಿದ್ದೆವು. ಓಡಿಹೋಗಲು ಯಾರಿಗೆ ಆಗುತ್ತಿತ್ತು? ನಮ್ಮ ಜಾಣತನ ಎಂದುಕೊಂಡದ್ದರಲ್ಲಿ ಅರ್ಧ ಆ ಬಾಗಿಲಿನದು. ಈ ಹುಡುಗಿಯರು ಬಟ್ಟಬಯಲಿನಲ್ಲಿ ನಿಂತು ಕರೆಯಬೇಕು.

ಆಫೀಸಿಗೆ ಹೋದ ಕೂಡಲೇ ಅವಳ ಬಾಗಿಲು ತಟ್ಟಿದೆ. "ಸದ್ದಿಲ್ಲದೆ ನಿಲ್ಲಬೇಕು. ಮೊದಲ ಐದು ಸೆಕೆಂಡಲ್ಲಿ ಹಿಡೀಬೇಕು. ನಾನು ಮೊದಲಿಂದ ಹೇಳ್ತಿರೋದೇ ಅದು," ಎಂದೆ. ಪಟಪಟಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಹೌದು ಮೇಡಂ," ಎಂದಳು.

ಮಾರ್ಚ್ 19, ಬುಧವಾರ

ಹೊಸ ಟ್ರೈಲರಿಗೆ ಇಬ್ಬರೂ ಒಟ್ಟಿಗೆ ಕೂತಿದ್ದೇವೆ. ನಾಲ್ಕು ಸಲ ಜಗಳ. ಎರಡು ಸಲ ಅವಳು ಕೋಣೆ ಬಿಟ್ಟು ಹೋದಳು, ಒಂದು ಸಲ ನಾನು. ಹೋದದ್ದು ನನ್ನದೇ ಕೋಣೆಯಿಂದ! ಕಾರಿಡಾರಿನಲ್ಲಿ ನಿಂತ ಮೇಲೆ ನೆನಪಾಯಿತು.

ಅವಳ ಕಡೆಯಿಂದ ಬಂದದ್ದು ಶುರು: ದರ್ಜಿಯ ದೊಡ್ಡ ಕತ್ತರಿ ಲಕೋಟೆಯ ಅಂಚನ್ನು ಕರಕರ ಕತ್ತರಿಸುತ್ತದೆ, ತೀರಾ ಹತ್ತಿರದಿಂದ. ಐದು ಸೆಕೆಂಡು. ನನ್ನ ಕಡೆಯಿಂದ ಬಂದದ್ದು ಉಳಿದದ್ದು: ಕತ್ತರಿಸುವುದೇ ಬೇಡ. ಒಂದೇ ದೃಶ್ಯ. ಸೊಸೆ ಕಾಗದ ಓದುತ್ತಾಳೆ. ಮಾವ ಬೆನ್ನು ತಿರುಗಿಸಿ ಕೂತು ಕೇಳುತ್ತಾನೆ. ಓದಿ ಮುಗಿಸಿ ಮಡಿಸುತ್ತಾಳೆ, ಆ ಬೆನ್ನನ್ನೇ ನೋಡುತ್ತಾಳೆ, ಬಹಳ ಹೊತ್ತು. "ಮಾವ, ಇನ್ನೊಂದ್ಸಲ ಓದ್ಲಾ?" ಅಷ್ಟೆ. ಎಪ್ಪತ್ತು ಸೆಕೆಂಡು. ಆಚೆ ಈಚೆಯಿಂದ ಒಂದು ಚೂರೂ ತಂದಿಲ್ಲ, ಇದ್ದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

"ಇದು ಯಾರ ಕಥೆ ಅಂತ ಗೊತ್ತಾಗತ್ತೆ, ದುಃಖದ್ದು ಅಂತ ಗೊತ್ತಾಗತ್ತೆ. ಮೋಸ ಇಲ್ಲ," ಎಂದಳು ಪಟಪಟಿ, ತನಗೆ ತಾನೇ.

ನಮಗೆ ಮಧ್ಯಾಹ್ನದ ಊಟವೇ ಮರೆತುಹೋಗಿತ್ತು. ಅವಳ ಕುರ್ಚಿ ಲಟಕಾಸಿ. ಬೆನ್ನು ಹಿಡಿದೀತೆಂದು ನನ್ನದನ್ನು ಕೊಟ್ಟು ನಾನು ಸ್ಟೂಲಿನ ಮೇಲೆ ಕೂತೆ.

ಮಾರ್ಚ್ 21, ಶುಕ್ರವಾರ

ಎಲ್ಲವನ್ನೂ ಇದ್ದ ಹಾಗೆ ಬರೆದಿಡಬೇಕು.

ಮಧ್ಯಾಹ್ನ ಎರಡೂವರೆಗೆ ಶೇಕಡಾನ ಕೋಣೆ. ನಾವಿಬ್ಬರು, ಮೇಷ್ಟ್ರು. ಟ್ರೈಲರ್ ಮುಗಿಯಿತು. ಮೇಷ್ಟ್ರು ಎರಡೂ ಕೈಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕೂತಿದ್ದರು, ಅಲುಗಲಿಲ್ಲ. ಶೇಕಡಾ ಕೇಳಿದ, "ಗುಟ್ಟು ಎಲ್ಲಿ?"

"ಸಿನಿಮಾದಲ್ಲಿದೆ," ಎಂದೆ.

"ತಮಾಷೆ ಬೇಡ ಮೇಡಂ. ಇದಕ್ಕೆ ಒಂದೇ ಒಂದು ಅಂಕಿ ಇಲ್ಲ, ಪರೀಕ್ಷೆ ಆಗಿಲ್ಲ. ಇದು ಹೋಗಲ್ಲ. ಮೊದಲು ಗೆದ್ದಿತ್ತಲ್ಲ, ಅದನ್ನ ಕಳ್ಸಿ. ನಾಲ್ಕಕ್ಕೆ ಥಿಯೇಟರಿಗೆ ತಲುಪಬೇಕು."

ಪಟಪಟಿ ನೆಲ ನೋಡುತ್ತಿದ್ದಳು. "ಅದು ಇಲ್ಲ ಸರ್."

"ಇಲ್ಲ ಅಂದ್ರೆ?"

"ಅಳಿಸಿ ಹೋಗಿದೆ."

"ಬ್ಯಾಕಪ್ಪು?"

"ಅದೂ."

ಪರೀಕ್ಷೆಗೆ ಹೋದ ಪ್ರತಿ ಉಳಿದಿತ್ತು. ಆದರೆ ಅದರ ಮೇಲೆಲ್ಲ ಕಂಪನಿಯ ಮುದ್ರೆ, ಪರದೆಗೆ ಹಾಕುವಂಥದ್ದಲ್ಲ. ಶೇಕಡಾ ನಿಧಾನವಾಗಿ ಎದ್ದು ನಿಂತ. ಬಾಯಲ್ಲಿ ಅಂಕಿಯೇ ಬರಲಿಲ್ಲ. "ಯಾರು ಅಳಿಸಿದ್ದು?"

ನನಗೆ ಗೊತ್ತಿರಲಿಲ್ಲ, ದೇವರಾಣೆ. ಅವಳ ಕಿವಿ ಕೆಂಪಾದದ್ದು ನೋಡಿದಾಗಲೇ ತಿಳಿದದ್ದು. ಅವಳು ಬಾಯಿ ತೆರೆಯುವ ಮೊದಲೇ ನಾನೆಂದೆ, "ನಾನು."

"ಮೇಡಂ, ಅದು..."

"ನೀನು ಸುಮ್ನಿರು. ದೊಡ್ಡವರು ಮಾತಾಡ್ತಿದೀವಿ."

"ಅದು ಅವಳ ಕಂಪ್ಯೂಟರ್. ಪಾಸ್‌ವರ್ಡ್ ಅವಳದು," ಎಂದ ಶೇಕಡಾ.

"ಪಾಸ್‌ವರ್ಡ್ ಚೀಟಿ ಬರೆದು ಪರದೆ ಮೇಲೇ ಅಂಟಿಸಿದಾಳೆ. ಕಸ ಗುಡಿಸೋಳಿಗೂ ಬಾಯಿಪಾಠ ಅದು. ಗುಟ್ಟು ಕಾಪಾಡೋದು ಇವಳಿಗೆ ಎಲ್ಲಿ ಬರಬೇಕು?"

ಮೇಷ್ಟ್ರು ಕೆಮ್ಮಿದರು. ನಗುವೋ ಅಳುವೋ ಗೊತ್ತಾಗಲಿಲ್ಲ. ಆಮೇಲೆ ಮೊದಲ ಸಲ ದನಿ ಎತ್ತಿದರು: "ಸರ್, ನನ್ನ ಸಿನಿಮಾ. ಇದೇ ಹೋಗ್ಲಿ. ಮುಳುಗಿದ್ರೆ ಇದರ ಜೊತೇಲೇ ಮುಳುಗ್ತೀನಿ."

ಗಂಟೆ ಮೂರಾಗಿತ್ತು. ಬೇರೆ ದಾರಿ ಇರಲಿಲ್ಲ. ನಮ್ಮದು ಹೋಯಿತು. ನನಗೆ ಸೋಮವಾರದಿಂದ ಬರಬೇಡಿ ಎಂದ ಶೇಕಡಾ. "ಸರಿ," ಎಂದೆ. ಒಂದೇ ಸಲ, ಮೆಲ್ಲಗೆ.

ಡಬ್ಬಕ್ಕೆ ಸಾಮಾನು ತುಂಬುವಾಗ ಪಟಪಟಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. "ಯಾಕೆ ಹಾಗೆ ಹೇಳಿದ್ರಿ?"

"ನಿನಗಿಂತ ಹೆಚ್ಚು ಸುಳ್ಳು ಹೇಳಿ ಅಭ್ಯಾಸ ಇರೋಳು ನಾನು." ಆಮೇಲೆ ರೈಲಿನ ಕಥೆ ಹೇಳಿದೆ, ಪೂರ್ತಿ. ಕುರ್ಚಿಯ ಎತ್ತರ ಇಳಿಸುವ ಹಿಡಿ ಎಡಗಡೆ ಇದೆ, ಸ್ವಲ್ಪ ಬಿಗಿ, ಎಂದೂ ಹೇಳಿ ಬಂದೆ.

ಮಾರ್ಚ್ 24, ಸೋಮವಾರ

ಎಂಟೂವರೆಗೆ ಚಪ್ಪಲಿ ಹಾಕಿಕೊಂಡೆ. ತೆಗೆದಿಟ್ಟೆ.

ಮಾರ್ಚ್ 29, ಶನಿವಾರ

ಪಟಪಟಿ ಫೋನ್ ಮಾಡಿದ್ದಳು. ಇಂಟರ್ನೆಟ್ಟಿನಲ್ಲಿ ಟ್ರೈಲರ್ ನೋಡಿದವರ ಸಂಖ್ಯೆ ಹೇಳಿಕೊಳ್ಳುವಷ್ಟಿಲ್ಲವಂತೆ, ಆದರೆ ನೋಡಲು ಶುರು ಮಾಡಿದವರಲ್ಲಿ ಬಹಳ ಜನ ಕೊನೆಯವರೆಗೆ ಇದ್ದಾರಂತೆ. ಅನೇಕರು ಎರಡೆರಡು ಸಲ. ಕೆಳಗೆ ಯಾರೋ ಬರೆದಿದ್ದಾರಂತೆ: "ಅವಳು ಮುದುಕನನ್ನು ಯಾಕೆ ಹಾಗೆ ನೋಡಿದಳು?" ಅದಕ್ಕೆ ನಾನೂರು ಉತ್ತರ, ಎಲ್ಲ ತಪ್ಪು. ಶೇಕಡಾ ಆ ಅಂಕಿಗಳನ್ನು ಮುದ್ರಿಸಿ ಮೇಜಿನ ಮೇಲಿಟ್ಟುಕೊಂಡು ದುರುಗುಟ್ಟಿ ನೋಡುತ್ತಾ ಕೂತಿರುತ್ತಾನಂತೆ.

ಕರೆದರೂ ಹೋಗುವುದಿಲ್ಲ. ಕರೆದಿಲ್ಲ, ಅದು ಬೇರೆ ಮಾತು.

ಏಪ್ರಿಲ್ 11, ಶುಕ್ರವಾರ

ಸಿನಿಮಾ ಬಿಡುಗಡೆ. ಮಧ್ಯಾಹ್ನದ ಆಟಕ್ಕೆ ಹೋದೆವು: ನಾನು, ಅಣ್ಣ, ರಜೆ ಹಾಕಿ ಬಂದ ಪಟಪಟಿ. ಮೇಷ್ಟ್ರು ಒಳಗೆ ಬರಲೊಪ್ಪದೆ ಹೊರಗೆ ಗೋಡೆಗೆ ಒರಗಿ ನಿಂತರು. ಮುಕ್ಕಾಲು ಥಿಯೇಟರ್ ತುಂಬಿತ್ತು. ನಾನು ಪರದೆ ನೋಡಲಿಲ್ಲ.

ಸೊಸೆ "ನಂಗೆ ಮೊದಲೇ ಗೊತ್ತಿತ್ತು ಮಾವ" ಎನ್ನುವ ಹೊತ್ತಿಗೆ ಇಡೀ ಥಿಯೇಟರ್ ಒಟ್ಟಿಗೆ ಉಸಿರು ಎಳೆದುಕೊಂಡಿತು. ಇನ್ನೂರೈವತ್ತು ಜನರ ಉಸಿರು ಒಂದೇ ಸಲ ಒಳಗೆ ಹೋಗುವ ಸದ್ದು ಹೇಗಿರುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಪಟಪಟಿ ನನ್ನ ಕೈ ಹಿಡಿದಳು, ಗಟ್ಟಿಯಾಗಿ. ಅವಳು ಇಂಥದ್ದನ್ನು ಕೇಳಿರಲೇ ಇಲ್ಲವಂತೆ. ಇದುವರೆಗೆ ಅವಳು ಟ್ರೈಲರ್ ಮಾಡಿದ ಯಾವ ಸಿನಿಮಾದಲ್ಲೂ ಜನರಿಗೆ ಗೊತ್ತಿಲ್ಲದ್ದು ಏನೂ ಉಳಿದಿರಲಿಲ್ಲ.

ಹೊರಗೆ ಬಂದಾಗ ಮುಂದಿನ ಆಟದವರು ಸಾಲುಗಟ್ಟಿ ನಿಂತಿದ್ದರು. ನಮ್ಮ ಮುಂದೆ ಒಬ್ಬ ದಪ್ಪ ಹೆಂಗಸು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಹೋಗುತ್ತಿದ್ದಳು. ಸಾಲಿನಲ್ಲಿದ್ದ ಒಬ್ಬಾಕೆ ಆಕೆಯನ್ನು ತಡೆದು ಕೇಳಿದಳು, "ಏನಾಯ್ತ್ರೀ ಕೊನೆಗೆ? ಗಂಡ ಬರ್ತಾನಾ?"

ದಪ್ಪ ಹೆಂಗಸು ನಿಂತಳು. ಹೇಳಿಯೇಬಿಡುತ್ತಾಳೆ ಎಂದುಕೊಂಡೆ. ಗೋಡೆಗೆ ಒರಗಿದ್ದ ಮೇಷ್ಟ್ರು ನೆಟ್ಟಗಾದರು.

"ನಾನ್ಯಾಕ್ರೀ ಹೇಳ್ಲಿ?" ಎಂದಳು ಆಕೆ, ಜಗಳಕ್ಕೆ ನಿಂತವಳ ಹಾಗೆ. "ನನಗೇನು ಯಾರಾದ್ರೂ ಹೇಳಿದ್ರಾ? ಒಳಗೆ ಹೋಗಿ ಕೂತ್ಕೊಂಡು ನೋಡಿ!"

ಹೇಳಿ, ಸಾಲಿನ ಕೊನೆಯವರೆಗೂ ಒಂದು ಸಲ ಕಣ್ಣು ಹಾಯಿಸಿ, ಬಸ್ ಸ್ಟಾಪಿನ ಕಡೆ ನಡೆದಳು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.